ಕಪ್‌ಗಳನ್ನು ಖಾಲಿ ಮಾಡಿದವರು ಯಾರು?

ಹೋದ ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಮೂಡಲಗಿಯಲ್ಲಿ, ನನ್ನ ತಂಗಿ ಸುಮಿತ್ರಾಳ ಮನೆಯ ಪಡಸಾಲೆಯಲ್ಲಿ ನಿಂತಿದ್ದೆ. ಬೆನ್ನಿಗೆ ಕಿಟಕಿ. ಎಡಕ್ಕೆ ಸಾಲಾಗಿ ಮೂರು ಕುರ್ಚಿ. ಅಡುಗೆಮನೆಯ ಬಾಗಿಲು ನನ್ನಿಂದ ಏಳು ಹೆಜ್ಜೆ ದೂರ. ಬಾಗಿಲಿನ ಪಕ್ಕದ ಮೂಲೆಯಲ್ಲಿ ಸುಮಿತ್ರಾಳ ಅತ್ತೆ ಗಂಗವ್ವ ನೆಲದ ಮೇಲೆ ಕುಳಿತು ಮೊರದಲ್ಲಿ ಗುರೆಳ್ಳು ಹಸನು ಮಾಡುತ್ತಿದ್ದರು.

ಇಷ್ಟು ಕರಾರುವಾಕ್ಕಾಗಿ ಯಾಕೆ ಹೇಳುತ್ತಿದ್ದೇನೆ? ಯಾಕೆಂದರೆ ಆಮೇಲೆ ನಡೆದದ್ದನ್ನು ನಾನು ಹೇಳಿದರೆ ಯಾರೂ ನಂಬುತ್ತಿಲ್ಲ. ಮೂವತ್ತು ವರ್ಷ ಹೊಲಗಳ ಅಳತೆ ಮಾಡಿ ನಿವೃತ್ತನಾದ ಸರ್ವೇಯರ್ ನಾನು. ಒಂದು ಗೇಣು ಹೆಚ್ಚು ಬರೆದವನಲ್ಲ, ಒಂದು ಗೇಣು ಕಡಿಮೆ ಬರೆದವನಲ್ಲ. ಅಂಥವನ ಮಾತು ಈಗ ನನ್ನ ಸ್ವಂತ ತಂಗಿಯ ಮನೆಯಲ್ಲೇ ನಡೆಯುತ್ತಿಲ್ಲ. ಕಾರಣ, ಕಾಫಿ.

ಹೌದು, ಕಾಫಿ. ನಗಬೇಡಿ.

ನಮ್ಮ ಕಡೆ ಚಹಾದ ರಾಜ್ಯ. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಚಹಾ, ಹುಕ್ಕೇರಿಯಲ್ಲಿ ಬೀಗರ ಮನೆಗೆ ಹೋದರೆ ಚಹಾ, ಕೊಣ್ಣೂರಿನಲ್ಲಿ ಹೊಲ ಅಳೆಯಲು ಹೋದರೆ ಬದುವಿನ ಮೇಲೇ ಚಹಾ. ಇಂಥ ಊರಲ್ಲಿ ಸುಮಿತ್ರಾ ಬರೀ ಕಾಫಿಯ ಅಂಗಡಿ ಇಡಲು ಹೊರಟಿದ್ದಾಳೆ. ಹದಿನಾಲ್ಕು ವರ್ಷದಿಂದ ಅವಳು ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್. ಅದೇ ಪಾಠ, ಅದೇ ಪದ್ಯ, ಅದೇ ಪ್ರಶ್ನೆಪತ್ರಿಕೆ. 'ಅಣ್ಣಾ, ನಂದು ಅಂತ ಒಂದು ಏನರ ಬೇಕು' ಎಂದು ಅವಳು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಫೋನಿನಲ್ಲಿ ವಿಡಿಯೋ ನೋಡಿ ಕಾಫಿ ಬೀಜ ಹುರಿಯುವುದನ್ನು ಕಲಿತಳು. ಹಸಿ ಬೀಜ ತರಿಸಿದಳು. ಭಜಿ ಕರಿಯುವ ಕಬ್ಬಿಣದ ಬಾಣಲೆಯಲ್ಲೇ ಹುರಿದಳು. ಹುರಿದದ್ದು ಸಾಮಾನ್ಯ ಹದಕ್ಕಲ್ಲ, ಡಾರ್ಕ್ ರೋಸ್ಟ್. ಬೀಜದ ಮೇಲೆ ಎಣ್ಣೆ ಮಿಂಚಬೇಕು, ಬಣ್ಣ ಹೆಚ್ಚುಕಡಿಮೆ ಕಪ್ಪಿಗೆ ಬರಬೇಕು, ಕುಡಿದರೆ ಎದೆಗೆ ಗುದ್ದಿದಂತಾಗಬೇಕು. ಅದು ಅವಳ ಆಸೆ.

ಕಾಲೇಜು ರಸ್ತೆಯಲ್ಲಿ ಒಂದು ಸಣ್ಣ ಜಾಗವನ್ನೂ ನೋಡಿಟ್ಟಿದ್ದಾಳೆ. ಅವಳ ಗಂಡ ಮಲ್ಲಪ್ಪ ಟ್ರ್ಯಾಕ್ಟರ್ ರಿಪೇರಿಯವನು, ಮಾತು ಕಡಿಮೆ. 'ನೀ ಏನ್ ಮಾಡ್ತಿ ಮಾಡು' ಎಂದು ಹೇಳಿ ಗ್ಯಾರೇಜಿಗೆ ಹೋದವನು ಭಾನುವಾರವೂ ಬಂದಿರಲಿಲ್ಲ.

ಒಂದೇ ಒಂದು ಬಾಕಿ ಇತ್ತು. ರುಚಿ ನೋಡುವುದು. ಪರೀಕ್ಷೆ ಪಾಸಾದರೆ ಸೋಮವಾರ ಬೆಳಿಗ್ಗೆ ರಾಜೀನಾಮೆ ಪತ್ರ ಕೊಡುವುದೆಂದು ಅವಳು ನಿರ್ಧರಿಸಿದ್ದಳು. ಪತ್ರ ಬರೆದೂ ಆಗಿತ್ತು.

ಅದಕ್ಕೆ ನಾಲ್ವರು ಪರೀಕ್ಷಕರು. ಮೊದಲ ಕುರ್ಚಿಯಲ್ಲಿ ಕುಲಗೋಡದಿಂದ ಬಂದ ನಮ್ಮ ದುಂಡಪ್ಪ ಕಾಕಾ. ಎರಡನೆಯದರಲ್ಲಿ ಹುಕ್ಕೇರಿಯ ಬೀಗರು, ನಿವೃತ್ತ ಈರಣ್ಣ ಮಾಸ್ತರ. ಮೂರನೆಯದರಲ್ಲಿ ಸುಮಿತ್ರಾಳ ಶಾಲೆಯವಳೇ ಆದ ಗಣಿತದ ಟೀಚರ್ ಶೋಭಾ. ನಾಲ್ಕನೆಯವನು ನಾನು. ನಾಲ್ಕನೆಯ ಕುರ್ಚಿಯ ಕಾಲು ಅಲುಗಾಡುತ್ತಿತ್ತು, ಆದ್ದರಿಂದ ನಿಂತೆ. (ಕುಳಿತಿದ್ದರೂ ನಾನೇ ಕೊನೆಯವನು. ನನ್ನ ಹಣೆಬರಹ ಬದಲಾಗುತ್ತಿರಲಿಲ್ಲ.)

ಸುಮಿತ್ರಾ ದಡ್ಡಿಯಲ್ಲ. ನಮ್ಮ ಜನರನ್ನು ಅವಳು ಬಲ್ಲಳು. ನಮ್ಮಲ್ಲಿ ಯಾರ ಮನೆಯಲ್ಲಿ ಏನು ಕೊಟ್ಟರೂ 'ಭಾಳ ಚಲೋ ಆಗೇತಿ' ಎನ್ನುತ್ತಾರೆ. ಉಪ್ಪಿಲ್ಲದ ಸಾರು ಬಡಿಸಿ ನೋಡಿ. ಅದೇ ಮಾತು. ಹಾಗಾಗಿ ಅವಳು ಎರಡು ಉಪಾಯ ಮಾಡಿದ್ದಳು.

ಒಂದು, ಎಲ್ಲರ ಕೈಗೂ ಒಂದೊಂದು ಹಾಳೆ. ಹತ್ತಕ್ಕೆ ಎಷ್ಟು ಅಂಕ ಎಂದು ಬರೆದು ಸಹಿ ಮಾಡಬೇಕು. ಟೀಚರ್ ಅಲ್ಲವೇ.

ಇನ್ನೊಂದು ನಿಜವಾದ ಉಪಾಯ. ಅದನ್ನು ಅವಳು ಅಡುಗೆಮನೆಯಲ್ಲಿ ನನಗೊಬ್ಬನಿಗೇ ಮೆಲ್ಲಗೆ ಹೇಳಿದಳು. 'ಅಂಕ ನಾ ನಂಬಂಗಿಲ್ಲಣ್ಣಾ. ಬಾಯಿ ಸುಳ್ಳ ಹೇಳ್ತಾವ, ಕೈನೂ ಸುಳ್ಳ ಬರೀತಾವ. ನಾ ಕಪ್ ನೋಡ್ತೇನಿ. ಚಲೋ ಅನಿಸಿದ್ರ ಖಾಲಿ ಆಗಿರ್ತಾವ, ಅನಿಸಲಿಲ್ಲಂದ್ರ ಉಳದಿರ್ತೈತಿ. ಅದಕ್ಕ ಕಪ್ ಕೊಟ್ಟು ನಾ ಒಳಗ ಹೋಗಿಬಿಡ್ತೇನಿ. ನನ್ನ ಮುಂದ ಸಂಕೋಚ ಆಗಬಾರದು ನೋಡು.'

ಎಂಥ ಜಾಣತನ! ನಾನೂ ತಲೆದೂಗಿದೆ. ಇದರಲ್ಲಿ ತಪ್ಪು ಎಲ್ಲಿದೆ ಹೇಳಿ?

ತಪ್ಪು ಇತ್ತು. ಅದು ನಮ್ಮ ಕಡೆಯವರಿಗೆ ಮಾತ್ರ ಆಗುವ ತಪ್ಪು.

ಮೊದಲ ಸರದಿ, ಹಾಲಿಲ್ಲದ ಕಾಫಿ. ಸಕ್ಕರೆಯೂ ಇಲ್ಲ. ಸಕ್ಕರೆ ಹಾಕಿದರೆ ಹುರಿದ ಹದ ಗೊತ್ತಾಗುವುದಿಲ್ಲವಂತೆ. ನಾಲ್ಕು ಕಪ್, ಅವುಗಳ ಕೆಳಗೆ ನಾಲ್ಕು ಬಸಿ. ಸುಮಿತ್ರಾ ಕೊಟ್ಟು ಒಳಗೆ ಹೋದಳು. ಕಾಕಾ ಕಪ್ಪನ್ನು ಮೂಗಿನ ಹತ್ತಿರ ತಂದರು. ಒಂದು ಗುಟುಕು. ಅವರ ಮೀಸೆ ಅಲ್ಲೇ ನಿಂತಿತು.

ಕಾಕಾ ಕಪ್ ಕೆಳಗಿಡಲಿಲ್ಲ. ಇಟ್ಟರೆ ಮನೆಯವರಿಗೆ ಅವಮಾನ. ಎಡಗೈಯಲ್ಲಿ ಕಪ್ ಹಿಡಿದು, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ಪಕ್ಕದ ಈರಣ್ಣ ಮಾಸ್ತರರ ಕಡೆ ತಿರುಗಿದರು. 'ಬೀಗರ, ನನಗ ಅರ್ಧಾ ಸಾಕ್ರಿ. ಶುಗರ್ ಐತಿ. ನೀವ್ ತುಗೋರ್ರಿ.'

'ಅಲ್ರೀ ಕಾಕಾ, ಇದ್ರಾಗ ಸಕ್ಕರೀನ ಇಲ್ಲಲ್ರಿ!'

'ಇಲ್ಲದಿದ್ರೂ ಡಾಕ್ಟರ್ ಬ್ಯಾಡಂದಾರ. ತುಗೋರಿ, ತುಗೋರಿ, ನನ್ನ ಮ್ಯಾಲ ಪ್ರೀತಿ ಇದ್ರ ಇಲ್ಲ ಅನಬ್ಯಾಡ್ರಿ.'

ಸುರಿದೇ ಬಿಟ್ಟರು.

ಇದು ನಮ್ಮ ಪದ್ಧತಿ. ಚಹಾ ಬೇಡ ಎನ್ನುವಂತಿಲ್ಲ, ಬಿಡುವಂತೆಯೂ ಇಲ್ಲ. ಹಾಗಾಗಿ ನಮ್ಮ ಕಪ್ಪಿನಿಂದ ಪಕ್ಕದವರ ಕಪ್ಪಿಗೆ ಅರ್ಧ ಸುರಿಯುತ್ತೇವೆ. ನೋಡುವವರಿಗೆ ಅದು ಪ್ರೀತಿ. ಕೊಟ್ಟವನಿಗೆ ಬಿಡುಗಡೆ. ಪಡೆದವನಿಗೆ? ಅವನು ತನ್ನ ಪಕ್ಕದವನ ಕಡೆ ನೋಡುತ್ತಾನೆ.

ಮಾಸ್ತರರ ಕಪ್ ಅಂಚಿಗೆ ಬಂತು. ಅವರೂ ಒಂದು ಗುಟುಕು ಹೀರಿದರು. ಕಣ್ಣು ಮುಚ್ಚಿ ತೆರೆದರು. 'ಶೋಭಾ ಟೀಚರ್, ನೀವು ಸಣ್ಣ ವಯಸ್ಸಿನವ್ರು. ಇಷ್ಟು ಕುಡದ್ರ ನನಗ ಆಸಿಡಿಟಿ ಆಗ್ತೈತ್ರಿ.'

'ಅಯ್ಯ, ಬ್ಯಾಡ್ರಿ ಸರ, ನಂದ ಇನ್ನೂ ಐತ್ರಿ...'

ಸುರಿದರು.

ಶೋಭಾ ನನ್ನ ಕಡೆ ತಿರುಗಿದಳು. ಬರೀ ನಕ್ಕಳು. ಸುರಿದಳು.

ನನ್ನ ಬಲಕ್ಕೆ ಯಾರಿದ್ದರು? ಯಾರೂ ಇರಲಿಲ್ಲ. ಹಿಂದೆ ಕಿಟಕಿ ಇತ್ತು, ಆದರೆ ಅದಕ್ಕೆ ಸೊಳ್ಳೆಯ ಜಾಳಿಗೆ ಬಡಿದಿದ್ದರು. ಕಪ್ ತುಂಬಿತು, ಬಸಿಯೂ ತುಂಬಿತು. ಜಾಗ ಮಾಡಲು ಒಂದೇ ದಾರಿ. ಕುಡಿದೆ. ಜಾಗವಾದದ್ದನ್ನು ನೋಡಿ ಮತ್ತೊಮ್ಮೆ ಸುರಿದರು. ಸಾಲಿನ ಆ ತುದಿಯಿಂದ ಈ ತುದಿಗೆ ಕಾಲುವೆಯ ನೀರು ಬಂದ ಹಾಗೆ ಬಂತು. ಬಾಲದ ತುದಿಯ ಹೊಲಕ್ಕೆ ನೀರು ಬರುವುದಿಲ್ಲ ಎಂದು ರೈತರು ಅರ್ಜಿ ಹಾಕುವುದನ್ನು ಜೀವನವಿಡೀ ನೋಡಿದ್ದೇನೆ. ಅಂದು ಬಾಲದ ತುದಿಯಲ್ಲಿ ಪ್ರವಾಹ.

ಲೆಕ್ಕ ಹೇಳುತ್ತೇನೆ. ಮೂವರೂ ಸೇರಿ ಕುಡಿದದ್ದು ಮುಕ್ಕಾಲು ಕಪ್. ಉಳಿದ ಮೂರೂ ಕಾಲು ಕಪ್ ನನ್ನ ಹೊಟ್ಟೆಗೆ.

ಸುಮಿತ್ರಾ ಚುರುಮುರಿ ತಟ್ಟೆ ಹಿಡಿದು ಹೊರಗೆ ಬಂದಳು. ಕಪ್‌ಗಳನ್ನು ನೋಡಿದಳು. ನಾಲ್ಕೂ ಖಾಲಿ. ತಳದಲ್ಲಿ ಒಂದು ಹನಿ ಕೂಡ ಇಲ್ಲ. ಅವಳ ಮುಖವನ್ನು ನೀವು ನೋಡಬೇಕಿತ್ತು. ಕಣ್ಣು ತುಂಬಿ ಬಂದಿತ್ತು.

'ಖರೇನ ಎಲ್ಲಾರೂ ಪೂರಾ ಕುಡದ್ರೇನು?'

'ಮತ್ತ!' ಎಂದರು ಕಾಕಾ, ಮೀಸೆ ಒರೆಸಿಕೊಳ್ಳುತ್ತ. 'ಕಾಫಿ ಅಂದ್ರ ಇದು ನೋಡು ಮಗಳ.'

ಎರಡನೆಯ ಸರದಿ, ಹಾಲು ಹಾಕಿದ್ದು. ಅದೇ ಕಥೆ. ಅದೇ ಶುಗರ್, ಅದೇ ಆಸಿಡಿಟಿ, ಅದೇ ನಗು. ಮತ್ತೆ ಮೂರೂ ಕಾಲು. ಒಟ್ಟು ಆರೂವರೆ ಕಪ್.

ನಾನು ಈ ಮೊದಲು ದಿನಕ್ಕೆ ಒಂದು ಕಪ್ ಕಾಫಿ ಕುಡಿದವನೂ ಅಲ್ಲ.

ಹೇಗಿತ್ತು ಅನ್ನುವಿರಾ? ಆ ಕೋಣೆಯಲ್ಲಿ ಕಾಫಿಯನ್ನು ನಿಜವಾಗಿ ರುಚಿ ನೋಡಿದವನು ನಾನೊಬ್ಬನೇ, ಆದ್ದರಿಂದ ಹೇಳುವ ಅಧಿಕಾರವಿದೆ. ವಾಸನೆ ಚೆನ್ನಾಗಿತ್ತು. ಮಳೆಯಲ್ಲಿ ತೊಯ್ದ ಕಟ್ಟಿಗೆ ಹೊತ್ತಿಕೊಂಡಾಗ ಬರುವ ವಾಸನೆ. ಮೊದಲ ಗುಟುಕು ನಾಲಿಗೆಯ ನಡುಮಧ್ಯಕ್ಕೆ ಗಟ್ಟಿಯಾಗಿ ಬಂದು ಕೂತಿತು, ಅದೂ ಸರಿ. ಡಾರ್ಕ್ ರೋಸ್ಟ್ ಎಂದರೆ ಹಾಗೇ ಇರಬೇಕು ಎಂದುಕೊಂಡೆ. ಆದರೆ ನುಂಗಿದ ಮೇಲೆ ಎರಡು ರುಚಿ ಬೇರೆ ಬೇರೆಯಾಗಿ ಉಳಿದವು. ಮೇಲೆ ಸುಟ್ಟ ಕಹಿ. ಕೆಳಗೆ ಒಂದು ಹುಳಿ, ಹಸಿ ಶೇಂಗಾ ಅಗಿದಾಗ ಬರುವಂಥ ಒಗರು. ಎರಡೂ ಕೂಡುತ್ತಿರಲಿಲ್ಲ. ಒಂದೇ ಹೊಲದಲ್ಲಿ ಇಬ್ಬರು ಅಣ್ಣತಮ್ಮಂದಿರು ಬೇರೆ ಬೇರೆ ಬೆಳೆ ಹಾಕಿದ ಹಾಗೆ. ಹಾಲು ಹಾಕಿದರೂ ಆ ಒಗರು ಹೋಗಲಿಲ್ಲ.

ಯಾಕೆ ಹೀಗೆ ಎಂದು ನನಗೆ ತಿಳಿಯಲಿಲ್ಲ. ತಿಳಿದವರು ಮೂಲೆಯಲ್ಲಿ ಕೂತಿದ್ದರು.

ಗಂಗವ್ವನಿಗೆ ಕಪ್ ಕೊಟ್ಟಿರಲಿಲ್ಲ. 'ಅತ್ತಿ ಚಹಾದಾಕಿ, ಆಕಿಗೇನ್ ಗೊತ್ತು' ಎಂದು ಸುಮಿತ್ರಾ ಬಿಟ್ಟಿದ್ದಳು. ಅವರು ತಟ್ಟೆಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ ಹುರಿದ ಬೀಜಗಳಲ್ಲಿ ಎರಡನ್ನು ಎತ್ತಿಕೊಂಡು, ಇದ್ದ ಹಲ್ಲುಗಳಲ್ಲಿ ಕಡಿದು, ಮೆಲ್ಲಗೆ ಅಗಿದರು. ಸುಮಿತ್ರಾ ಖಾಲಿ ಕಪ್ ಒಯ್ಯಲು ಬಂದಾಗ, ಯಾರೂ ಕೇಳದಿದ್ದರೂ ಹೇಳಿದರು:

'ಹೊರಗ ಕರಕಾಗೇತಿ, ಒಳಗ ಹಸಿ ಐತಿ. ಉರಿ ಜಾಸ್ತಿ ಆತು ಸುಮಿತ್ರಾ.'

'ನೋಡ್ರಿ, ನೋಡ್ರಿ' ಎಂದಳು ಸುಮಿತ್ರಾ, ನಕ್ಕು. 'ಎಲ್ಲಾರೂ ಖಾಲಿ ಮಾಡ್ಯಾರ, ನಮ್ಮ ಅತ್ತಿಗೆ ಮಾತ್ರ ಸೇರಲಿಲ್ಲ. ನಾ ಏನ್ ಮಾಡಿದ್ರೂ ಹಂಗ.'

'ಅತ್ತಿ ಅಂದಮ್ಯಾಲ ಅಷ್ಟರ ಅನಬೇಕಲ್ರಿ' ಎಂದರು ಮಾಸ್ತರ. ಎಲ್ಲರೂ ನಕ್ಕರು. ಗಂಗವ್ವ ಮತ್ತೆ ಮೊರ ಕೈಗೆತ್ತಿಕೊಂಡರು.

ಅಲ್ಲಿಗೆ ಮುಗಿಯಿತು. ಕೋಣೆಯಲ್ಲಿ ಆಡಿದ ಒಂದೇ ಒಂದು ನಿಜವಾದ ಮಾತು ಅತ್ತೆಯ ಚುಚ್ಚುಮಾತಾಗಿ ದಾಖಲಾಯಿತು.

ಆಮೇಲೆ ಅಂಕಗಳು. ಕಾಕಾ, ಹತ್ತಕ್ಕೆ ಹತ್ತು. (ಅವರು ಕಾಫಿ ಬರುವ ಮೊದಲೇ ಬರೆದಿಟ್ಟಿದ್ದನ್ನು ನಾನು ಕಂಡಿದ್ದೇನೆ.) ಮಾಸ್ತರ, ಒಂಬತ್ತು. ಶೋಭಾ, ಒಂಬತ್ತೂವರೆ. ಗಣಿತದವಳು, ಅರ್ಧವನ್ನೂ ಬಿಡಲಿಲ್ಲ.

ನಾನು?

ಬರೆಯುವಾಗ ಆರೂವರೆ ಕಪ್ ಕಾಫಿ ಎದೆಯಲ್ಲಿ ಡೊಳ್ಳು ಬಾರಿಸುತ್ತಿತ್ತು. ಸುಮಿತ್ರಾ ನನ್ನ ಎದುರೇ ನಿಂತಿದ್ದಳು, ಆ ತುಂಬಿದ ಕಣ್ಣುಗಳಿಂದ ನೋಡುತ್ತ. ನಾನು ಎಂಟೂವರೆ ಎಂದು ಬರೆದೆ. ಸಹಿ ಮಾಡಿದೆ. ಅಭ್ಯಾಸಬಲ, ಕೆಳಗೆ ದಿನಾಂಕ ಮತ್ತು ವೇಳೆಯನ್ನೂ ಹಾಕಿದೆ.

ನನ್ನೂರು ಗೋಕಾಕಕ್ಕೆ ಮರಳುವ ಬಸ್ಸಿನಲ್ಲಿ ಮಾಸ್ತರರೂ ನಾನೂ ಒಂದೇ ಸೀಟು. ಗೋಕಾಕದಲ್ಲಿ ಇಳಿದು ಅವರು ಹುಕ್ಕೇರಿಯ ಬಸ್ ಹಿಡಿಯಬೇಕು. ಮೂಡಲಗಿ ದಾಟಿತೋ ಇಲ್ಲವೋ, ಮಾಸ್ತರ ಬಾಯಿ ತೆರೆದರು.

'ಅದ ಕಾಫಿ ಏನ್ರಿ? ಹಂಚ ತಿಕ್ಕಿದ ನೀರ!'

'ಮತ್ತ ಒಂಬತ್ತ ಯಾಕ ಕೊಟ್ರಿ?'

'ಮನ್ಯಾಗ ಕುಂತು ಹೆಂಗ ಹೇಳೂದ್ರಿ? ಚುರುಮುರಿ ಬ್ಯಾರೆ ತಿಂದೇವಿ.'

'ಆಕಿ ನಾಳೆ ನೌಕರಿ ಬಿಡ್ತಾಳ್ರಿ ಮಾಸ್ತರ!'

'ಹೌದಲ್ಲ' ಎಂದು ಅವರು ಕಿಟಕಿಯಾಚೆ ಕಬ್ಬಿನ ಹೊಲ ನೋಡಿದರು. 'ಯಾರರ ಹೇಳಬೇಕಿತ್ತು ಬಿಡ್ರಿ.'

ಯಾರಾದರೂ! ಕೋಣೆಯಲ್ಲಿ ಇದ್ದವರು ನಾವೇ ತಾನೆ?

ಗೋಕಾಕ, ಮೂಡಲಗಿ, ಹುಕ್ಕೇರಿ, ನಮ್ಮ ಈ ಮೂರೂ ತಾಲೂಕಿನ ನಿಜವೆಲ್ಲ ಬಸ್ಸಿನಲ್ಲೇ ಹೊರಬೀಳುತ್ತದೆ, ಗಮನಿಸಿದ್ದೀರಾ? ಹೊಸ ಮನೆ ನೋಡಲು ಹೋದಾಗ 'ಭಾಳ ಬೆಳಕೈತಿ' ಎನ್ನುತ್ತೇವೆ, ಅಡುಗೆಮನೆಗೆ ಕಿಟಕಿಯೇ ಇಲ್ಲ ಎಂದು ಬಸ್ಸಿನಲ್ಲಿ ಹೇಳುತ್ತೇವೆ. ಮಗುವಿನ ಹಾಡಿಗೆ ಚಪ್ಪಾಳೆ ಹೊಡೆದು, ಶ್ರುತಿ ಇರಲಿಲ್ಲ ಎಂದು ಬಸ್ಸಿನಲ್ಲಿ ಹೇಳುತ್ತೇವೆ. ನಾನು ಅಳತೆ ಮುಗಿಸಿದಾಗ ಎರಡೂ ಕಡೆಯವರು 'ಬರೋಬರಿ ಐತ್ರಿ ಸಾಹೇಬರ' ಎಂದು ಕೈ ಮುಗಿಯುತ್ತಿದ್ದರು. ಮರುದಿನ ಬೆಳಿಗ್ಗೆ ಇಬ್ಬರದೂ ಒಂದೊಂದು ತಕರಾರು ಅರ್ಜಿ ನನ್ನ ಮೇಜಿನ ಮೇಲೆ ಬರುತ್ತಿತ್ತು.

ಸಂಕೋಚ ಒಳ್ಳೆಯ ಗುಣ, ಒಪ್ಪುತ್ತೇನೆ. ಆದರೆ ಒಬ್ಬ ಹೆಣ್ಣುಮಗಳು ಹದಿನಾಲ್ಕು ವರ್ಷದ ನೌಕರಿಯನ್ನು ತಕ್ಕಡಿಯ ಒಂದು ಕಡೆಗಿಟ್ಟು, ಇನ್ನೊಂದು ಕಡೆಗೆ ನಮ್ಮ ಮಾತನ್ನು ಇಡಲು ಕರೆದರೆ? ಅಲ್ಲೂ ಸಂಕೋಚವೇ? ಕಾಲೇಜು ರಸ್ತೆಯ ಅಂಗಡಿಗೆ ಬರುವವರು ಬೀಗರಲ್ಲ, ಕಾಕಾ ಅಲ್ಲ. ಅವರು ಪಕ್ಕದವರ ಕಪ್ಪಿಗೆ ಸುರಿಯುವುದಿಲ್ಲ. ಒಂದು ಗುಟುಕು ಹೀರಿ, ಮೇಜಿನ ಮೇಲೆ ಬಿಟ್ಟು, ಎದ್ದು ಹೋಗುತ್ತಾರೆ. ಮರುದಿನ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದೂ ಹೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಎಂಟು ಗಂಟೆ ಮೂವತ್ತೈದು ನಿಮಿಷಕ್ಕೆ ಸುಮಿತ್ರಾಳ ಬಾಗಿಲಲ್ಲಿದ್ದೆ. ಅವಳು ಡಬ್ಬಿಗೆ ರೊಟ್ಟಿ ಕಟ್ಟುತ್ತಿದ್ದಳು. ಬ್ಯಾಗು ಕುರ್ಚಿಯ ಮೇಲಿತ್ತು, ಬಿಳಿ ಲಕೋಟೆ ಅದರ ಬಾಯಿಂದ ಹೊರಗೆ ಕಾಣುತ್ತಿತ್ತು.

'ಏನಣ್ಣಾ, ಇಷ್ಟ ಲಗೂ? ಮತ್ತ ಕಾಫಿ ಬೇಕಾತೇನು?'

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಯಾರು ಯಾರಿಗೆ ಸುರಿದರು, ಎಷ್ಟು ಸುರಿದರು, ಏನು ಹೇಳಿ ಸುರಿದರು.

ಅವಳು ಮೊದಲು ನಕ್ಕಳು. 'ಅಂದ್ರ ನಾಕೂ ಕಪ್ ನೀನ ಕುಡದಿ?'

'ನಾಕಲ್ಲ. ಮೂರೂ ಕಾಲು. ಎರಡೂ ಸಲದ್ದು ಕೂಡಿ ಆರೂವರಿ.'

ನಗು ನಿಂತಿತು. ಅವಳು ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಕಾಕಾನಿಗೆ ಹಚ್ಚಿದಳು.

'ಯಾರ್ ಹೇಳ್ಯಾರ ಹಂಗಂತ?' ಕಾಕಾನ ದನಿ ಕುಲಗೋಡದಿಂದ ಫೋನಿಲ್ಲದೆಯೂ ಕೇಳುವಷ್ಟು ದೊಡ್ಡದಾಗಿತ್ತು. 'ತಳಾ ನೆಕ್ಕಿ ಕುಡದೇನಿ ಮಗಳ! ಅಂವಗ ಮೊದ್ಲಿಂದ್ಲೂ ಎಲ್ಲಾದಕ್ಕೂ ಸರಪಳಿ ಹಿಡದು ಅಳಿಯೂ ಚಟಾ. ಅಂವನ ಮಾತ ಕೇಳಬ್ಯಾಡ. ನೀ ಅಂಗಡಿ ತಗಿ, ಮೊದಲನೆ ಗಿರಾಕಿ ನಾನ!'

ಮಾಸ್ತರರಿಗೆ ಹಚ್ಚಿದಳು. 'ಹಲೋ... ಹಲೋ... ಇಲ್ಲಿ ರೇಂಜ್ ಇಲ್ಲವಾ ತಂಗಿ, ಆಮ್ಯಾಲ ಮಾಡ್ತೇನಿ.' ಹುಕ್ಕೇರಿಯ ನಟ್ಟನಡುವೆ ಮನೆ. ರೇಂಜ್ ಇಲ್ಲವಂತೆ!

ಅಷ್ಟರಲ್ಲಿ ಶೋಭಾ ಬಂದಳು. ಇಬ್ಬರೂ ಕೂಡಿಯೇ ಶಾಲೆಗೆ ಹೋಗುವವರು. ಸುಮಿತ್ರಾ ಕೇಳಿದಳು. ಶೋಭಾ ಚಪ್ಪಲಿಯ ತುದಿ ನೋಡಿದಳು.

'ಇಲ್ಲಲ್ಲ ಟೀಚರ್, ನಾ ಪೂರಾ ಕುಡದೆ. ಸ್ವಲ್ಪ... ಸ್ವಲ್ಪ ಜಾಸ್ತಿ ಆತಂತ ನಿಮ್ಮ ಅಣ್ಣಾರಿಗೆ ಹಾಕಿದ್ನೇನೋ. ನೆನಪಿಲ್ಲ. ಸೂಪರ್ ಇತ್ತು ಮಾತ್ರ.'

ಮೂವರು ಒಂದು ಕಡೆ. ನಾನೊಬ್ಬ ಇನ್ನೊಂದು ಕಡೆ.

ಸುಮಿತ್ರಾ ಕಪಾಟಿನಿಂದ ಒಂದು ಹಾಳೆ ತಂದು ನನ್ನ ಮುಂದೆ ಹಿಡಿದಳು.

'ಇದ ಯಾರ ಅಕ್ಷರ?'

'ನಂದ.'

'ಸಹಿ?'

'ನಂದ.'

'ಎಂಟೂವರಿ ಅಂತ ಬರದೀಯಿಲ್ಲೋ? ಹಂಗಾರ ನಿನ್ನೆ ಸುಳ್ಳ ಹೇಳಿದ್ಯೋ, ಇವತ್ತ ಸುಳ್ಳ ಹೇಳಾಕತ್ತೀಯೋ?'

ನನ್ನ ಬಳಿ ಉತ್ತರವಿತ್ತು. ಆದರೆ ಯಾವ ಉತ್ತರ ಹೇಳಿದರೂ ನಾನು ಸುಳ್ಳುಗಾರನೇ.

'ನಾ ಸಾಲಿ ಬಿಡೂದು ನಿನಗ ಮನಸ್ಸಿಲ್ಲ' ಎಂದಳು. ಈಗ ದನಿ ಸಣ್ಣದಾಗಿತ್ತು. 'ಅಷ್ಟ ಹೇಳಿದ್ರ ಆಗ್ತಿತ್ತು ಅಣ್ಣಾ. ಕಾಫಿ ಮ್ಯಾಲ ಯಾಕ ಹಾಕ್ತಿ?'

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅವಳು ಬ್ಯಾಗು ಹಾಕಿಕೊಂಡು ಹೊರಟಳು. ಪ್ರಾರ್ಥನೆಗೆ ಮೊದಲೇ ಪತ್ರ ಕೊಟ್ಟಳೆಂದು ಆಮೇಲೆ ತಿಳಿಯಿತು. ಶಾಲೆಯವರು ತಿಂಗಳ ಕೊನೆಯವರೆಗೆ ಇರಲು ಕೇಳಿದ್ದಾರೆ. ಅಲ್ಲಿಯವರೆಗೆ ಮನಸ್ಸು ಬದಲಾದರೆ ಪತ್ರ ಹಿಂದಕ್ಕೆ ಪಡೆಯಬಹುದು ಎಂದೂ ಹೇಳಿದ್ದಾರೆ.

ನಾನು ಅಲುಗಾಡುವ ಕುರ್ಚಿಯ ಮೇಲೇ ಕೂತೆ. ಒಳಗಿನಿಂದ ಗಂಗವ್ವ ಬಂದರು.

'ನಾ ನೋಡೇನಪಾ' ಎಂದರು. 'ಮೂರೂ ಮಂದಿ ಸುರುವಿದ್ದು ನೋಡೇನಿ. ನೀ ಕಣ್ಣ ಮುಚ್ಚಿ ಕುಡದಿದ್ದೂ ನೋಡೇನಿ.'

ನನಗೆ ಸಿಟ್ಟು ಬಂತು. 'ಮತ್ತ ಈಗ ಯಾಕ ಬಾಯಿ ಬಿಡಲಿಲ್ಲಬೇ ಯವ್ವಾ? ಇಲ್ಲೇ ಒಳಗ ಇದ್ದಿ!'

'ನಿನ್ನೆ ಹೇಳಿದೆನಲ್ಲೋ, ಒಳಗ ಹಸಿ ಐತಿ ಅಂತ. ಯಾರ್ ಕೇಳಿದ್ರು? ಎಲ್ಲಾರೂ ಹಲ್ಲ ಕಿಸಿದ್ರಿ. ನೀನೂ ಸುಮ್ನ ನಿಂತಿದ್ದಿ.' ಅವರು ಸೆರಗಿನಿಂದ ಕೈ ಒರೆಸಿಕೊಂಡರು. 'ಇನ್ನ ಸುಮಿತ್ರಾಗ, ನಿನ್ನ ಕಾಫಿ ಯಾರೂ ಕುಡೀಲಿಲ್ಲವಾ ಅಂತ ನಾ ಹೇಳಿದ್ರ, ಅದು ಕಾಫಿ ಮಾತಾಗಿ ಉಳೀತೈತೇನು? ಅತ್ತಿ ಮಾತ ಆಗ್ತೈತಿ. ಆಕಿಗೆ ನೋವಾಗ್ತೈತಿ, ಹುರಿಯೂದಂತೂ ಸುಧಾರ್ಸಂಗಿಲ್ಲ.'

ಅವರು ಡಬ್ಬಿಯಿಂದ ನಾಲ್ಕು ಬೀಜ ತೆಗೆದು ನೆಲದ ಮೇಲಿಟ್ಟು ಗುಂಡುಕಲ್ಲಿನಿಂದ ಮೆಲ್ಲಗೆ ಒಡೆದರು. ನಾಲ್ಕೂ ಒಡೆದವು. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಹೊರಗೆ ಇದ್ದಿಲಿನ ಬಣ್ಣ. ಒಳಗೆ ತಿಳಿ ಕಂದು, ಸರಿಯಾಗಿ ಬೇಯದ ರೊಟ್ಟಿಯ ನಡುವಿನ ಹಾಗೆ.

'ಗುರೆಳ್ಳ ಹುರದು ನಲವತ್ತೈದು ವರ್ಷ ಆತು' ಎಂದರು ಗಂಗವ್ವ. 'ಬೀಜ ಯಾವುದಾದ್ರೇನು? ಉರಿ ಸಣ್ಣದಿರಬೇಕು, ಕೈ ನಿಲ್ಲಬಾರದು. ಒಲಿ ಆರಿಸಿದ ಮ್ಯಾಲೂ ಬಾಣಲಿ ಹುರೀತಿರ್ತೈತಿ, ಲಗೂನ ಇಳಿಸಿ ಹರವಬೇಕು. ಈಕಿ ಫೋನ್ ನೋಡ್ಕೋತ ದೊಡ್ಡ ಉರಿ ಇಟ್ಟು, ಹೊರಗ ಕರ್ರಗ ಆದಕೂಡ್ಲೇ ಆತು ಅಂತಾಳ. ಬೀಜ ಚಲೋ ಅದಾವ. ಆಕಿ ಕೈನೂ ಚಲೋ ಐತಿ. ಒಂದ್ ನಾಕ್ ದಿನಾ ಬಾಜೂಕ ಕುಂದರಿಸಿಕೊಂಡ್ರ ನಾ ತೋರಸ್ತೇನಿ.'

'ಆಕಿಗೆ ಹೇಳಬೇ.'

'ನಾ ಹೆಂಗ ಹೇಳ್ಲಿ? ಆಕಿ ಕೇಳಬೇಕು.'

ಅದಾದ ಮೇಲೆ ನಾನು ಗೋಕಾಕಕ್ಕೆ ಬಂದು ಮೂರು ದಿನ ತಂಗಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆದರೆ ನಾನು ಪತ್ರಿಕೆಗೆ ಬರೆಯುವ ಈ ಅಂಕಣವನ್ನು ಅವಳು ಪ್ರತಿ ವಾರ ಓದುತ್ತಾಳೆ. ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆದು ನನಗೆ ಫೋಟೋ ಕಳಿಸುವವಳು ಅವಳೇ. ಹಾಗಾಗಿ ಮನೆಯ ಮಾತನ್ನು ಬೀದಿಗೆ ತಂದಿದ್ದೇನೆ. ಕಾಕಾ ಇನ್ನು ನನ್ನ ಜೊತೆ ಮಾತಾಡುವುದಿಲ್ಲ, ಗೊತ್ತು. ಮಾಸ್ತರರಿಗೆ ರೇಂಜ್ ಸಿಗುವುದೇ ಇಲ್ಲ.

ಸುಮಿತ್ರಾ, ಕೇಳು. ನೀನು ಶಾಲೆ ಬಿಡುವುದಕ್ಕೆ ನನ್ನ ಅಡ್ಡಿ ಇಲ್ಲ. ಬಿಡು. ಅಂಗಡಿ ಇಡು. ಆದರೆ ಭಾನುವಾರದ ನಿನ್ನ ಕಾಫಿಗೆ ನನ್ನ ನಿಜವಾದ ಅಂಕ ಹತ್ತಕ್ಕೆ ಐದು. ಎಂಟೂವರೆ ಬರೆದದ್ದು ಹೇಡಿತನ, ಅದಕ್ಕೆ ಕ್ಷಮೆ ಕೇಳುತ್ತೇನೆ. ಐದನ್ನು ಒಂಬತ್ತು ಮಾಡುವ ದಾರಿ ಇದೆ, ಅದಕ್ಕೆ ವಿಡಿಯೋ ಬೇಕಿಲ್ಲ. ತಿಂಗಳು ಮುಗಿಯಲು ಇನ್ನೂ ದಿನಗಳಿವೆ.

ನನ್ನ ಮಾತಿಗೆ ಸಾಕ್ಷಿ ಬೇಕೇ? ಅಂದು ಕಪ್ಪಿನಿಂದ ಕಪ್ಪಿಗೆ ಸುರಿದದ್ದನ್ನು ಕಂಡವರು, ನನ್ನನ್ನು ಬಿಟ್ಟರೆ, ನಾಲ್ವರು. ಕುಲಗೋಡದ ದುಂಡಪ್ಪ ಕಾಕಾ, ಹುಕ್ಕೇರಿಯ ಈರಣ್ಣ ಮಾಸ್ತರ, ನಿನ್ನ ಶೋಭಾ. ಮೂವರೂ ಬದುಕಿದ್ದಾರೆ, ಮೂವರೂ ಕೇಳಿದರೆ ನಿನ್ನ ಮುಖ ನೋಡಿ ಹೇಳುವವರು. ನಾಲ್ಕನೆಯವರು ಗಂಗವ್ವ. ಅವರೂ ಇದ್ದಾರೆ, ನಿನ್ನ ಮನೆಯಲ್ಲೇ, ನಿನ್ನ ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಇವತ್ತಿನವರೆಗೆ ಅವರನ್ನು ಯಾರಾದರೂ ಕೇಳಿದ್ದೀರಾ?